ಇಂಗಾಲದ ನಾಲ್ಕು ಕೈ

ಬೆಂಕಿ ಆರಿತ್ತು. ಹೊಗೆ ಆರಿರಲಿಲ್ಲ.

ಅಗ್ನಿಶಾಮಕ ದಳದ ಮುಖ್ಯಸ್ಥ ಅಟ್ಟದ ಕಿಟಕಿಯಿಂದ ತಲೆ ಹೊರಹಾಕಿ, "ಸಾರ್, ಇಲ್ಲೊಂದು ಹೆಣ ಇದೆ" ಎಂದು ಕೂಗಿದ. ಬೀದಿಯಲ್ಲಿ ನೆರೆದಿದ್ದವರು ಗಕ್ಕನೆ ಮಾತು ನಿಲ್ಲಿಸಿದರು. ಅದುವರೆಗೆ ಸುಟ್ಟದ್ದು ಮರ ಮಾತ್ರ ಎಂದೇ ಎಲ್ಲರೂ ತಿಳಿದಿದ್ದರು. ಅಂದು ವಾರದ ಅರ್ಧ ರಜೆ. ತಂತಿವಾದ್ಯಗಳನ್ನು ತಯಾರಿಸುವ ಆ ಕಾರ್ಯಾಗಾರಕ್ಕೆ ಮಧ್ಯಾಹ್ನವೇ ಬೀಗ ಬಿದ್ದಿತ್ತು. ಸಂಜೆಯ ಹೊತ್ತಿಗೆ ಒಳಗೆ ನರಪಿಳ್ಳೆಯೂ ಇರಬಾರದಿತ್ತು.

ಇನ್ಸ್‌ಪೆಕ್ಟರ್ ದಳದವರ ಏಣಿ ಹತ್ತಿ ಕಿಟಕಿಯಿಂದ ಒಳಗಿಳಿದರು. ಅಟ್ಟದ ಮೂಲೆಯಲ್ಲಿ ಒಬ್ಬ ವೃದ್ಧರು ಬೋರಲು ಬಿದ್ದಿದ್ದರು. ಮಗುವನ್ನು ಅವುಚಿಕೊಂಡವರಂತೆ ಎರಡೂ ತೋಳುಗಳು ಎದೆಯ ಕೆಳಗೆ ಮಡಚಿದ್ದವು. ದೇಹವನ್ನು ಎತ್ತಿದಾಗ ಅಲ್ಲಿ ಕಂಡದ್ದು ಕರಕಲಾದ ತೆಳು ಹಲಗೆ, ಸುರುಳಿಯಾದ ತಂತಿ, ಮತ್ತು ಸಾಲಾಗಿ ಬಿದ್ದ ಕಬ್ಬಿಣದ ಪುಟ್ಟ ಕ್ಲ್ಯಾಂಪುಗಳು. ಸ್ವಲ್ಪ ದೂರದಲ್ಲಿ ತಗಡಿನ ಬಟ್ಟಲಿನಂಥದೊಂದು. ಶಾಖ ಕೊಡುವ ವಿದ್ಯುತ್ ದೀಪದ ಮುಸುಕು.

ಕೆಳಗೆ, ಅಟ್ಟದ ಮೆಟ್ಟಿಲಿನ ಬುಡದಲ್ಲಿ, ನೆಲ ಎಲ್ಲಕ್ಕಿಂತ ಆಳವಾಗಿ ಸುಟ್ಟಿತ್ತು. ಅಲ್ಲೊಂದು ತಗಡಿನ ಪೆಟ್ಟಿಗೆ ಬಾಯಿ ಬಿಟ್ಟು ಬಿದ್ದಿತ್ತು.

"ಬೆಂಕಿ ಹುಟ್ಟಿದ್ದು ಇಲ್ಲೇ ಸಾರ್" ಎಂದ ಮುಖ್ಯಸ್ಥ. "ಮೆಟ್ಟಿಲು ಮೊದಲು ಹೋಗಿದೆ. ಮೇಲಿದ್ದವರಿಗೆ ಇಳಿಯೋ ದಾರಿ ಇರಲಿಲ್ಲ."

ಇನ್ಸ್‌ಪೆಕ್ಟರ್ ಪೆಟ್ಟಿಗೆಯ ತಳ ಕೆದಕಿದರು. ಅದುಮಿ ತುಂಬಿದ್ದರಿಂದ ಗಾಳಿಯಾಡದೆ ಉಳಿದ ಒಂದು ಚಿಂದಿಯ ಮುದ್ದೆ ಸಿಕ್ಕಿತು. ಅದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

ಹಿತ್ತಲಿನಲ್ಲಿ ಅಳು ಕೇಳಿತು. ಸತ್ತವರು ಕಾರ್ಯಾಗಾರದ ದೊಡ್ಡ ಯಜಮಾನರು. ಅವರ ತಮ್ಮ, ಚಿಕ್ಕ ಯಜಮಾನರು, ಕಲ್ಲಿನ ಮೇಲೆ ಕುಸಿದಿದ್ದರು. ಸತ್ತವರ ಮಗಳು, ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವಳು, ಚಿಕ್ಕಪ್ಪನ ಭುಜ ಹಿಡಿದು ನಿಂತಿದ್ದಳು. ಅವಳ ಕಣ್ಣಿನಲ್ಲಿ ನೀರು ಇನ್ನೂ ಬಂದಿರಲಿಲ್ಲ.

"ಅಣ್ಣ ಇಲ್ಲಿಗೆ ಯಾಕೆ ಬಂದ?" ಚಿಕ್ಕ ಯಜಮಾನರು ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. "ಡಾಕ್ಟರ ಹತ್ತಿರ ಹೋಗ್ತೀನಿ ಅಂದಿದ್ದನಲ್ಲ! ಇಲ್ಲಿಗೆ ಯಾಕೆ ಬಂದ?"

"ನೀವು ಎಲ್ಲಿದ್ದಿರಿ?"

"ಭಾವಮೈದುನನ ಮನೇಲಿ. ಊಟದ ಹೊತ್ತಿಂದ ಅಲ್ಲೇ. ಮನೆ ತುಂಬ ಜನ ಇದ್ರು, ಕೇಳಿ ನೋಡಿ." ಅವರು ಮೂಗೊರೆಸಿಕೊಂಡರು. "ಕೊನೇಲಿ ಬೀಗ ಹಾಕಿದೋನು ನಮ್ಮ ಕೆಲಸದ ಮೆರುಗಣ್ಣ. ಸಿಗರೇಟು ಸೇದ್ತಾನೆ. ಆ ಪೆಟ್ಟಿಗೇಲಿ ಮೆಷಿನ್ ಎಣ್ಣೆ ಒರೆಸಿದ ಚಿಂದಿ ಇರುತ್ತೆ. ಎಷ್ಟು ಸಲ ಬೈದಿದ್ದೆ ಅವನಿಗೆ!"

ಇನ್ಸ್‌ಪೆಕ್ಟರ್ ಹಿತ್ತಲಿನ ತಂತಿಯನ್ನು ನೋಡುತ್ತಿದ್ದರು. ಬಟ್ಟೆ ಒಣಹಾಕುವ ತಂತಿ. ಒಂದು ಬಟ್ಟೆಯೂ ಇರಲಿಲ್ಲ. ಕ್ಲಿಪ್ಪುಗಳು ಮಾತ್ರ ಇದ್ದವು. ಅಳತೆಪಟ್ಟಿ ಇಟ್ಟು ಸಿಕ್ಕಿಸಿದಂತೆ, ಒಂದಕ್ಕೊಂದು ಸಮಾನ ದೂರದಲ್ಲಿ.

*

ಮೆರುಗಣ್ಣನನ್ನು ಹುಡುಕುವ ಶ್ರಮ ಬೀಳಲಿಲ್ಲ. ಆತನೇ ಠಾಣೆಗೆ ಬಂದು ಕೈ ಮುಂದೆ ಚಾಚಿದ. ವಾದ್ಯಗಳಿಗೆ ಎಣ್ಣೆಯ ಮೆರುಗು ಕೊಡುವುದು ಆತನ ಕೆಲಸ. ಆ ಹೆಸರು ಅದರಿಂದ ಬಂದದ್ದು.

"ಬೇಡಿ ಹಾಕಿ ಸಾರ್. ದೊಡ್ಡ ಯಜಮಾನ್ರನ್ನ ಕೊಂದೋನು ನಾನೇ."

"ಹೇಗೆ ಕೊಂದೆ?"

"ಬೀಗ ಹಾಕೋ ಮುಂಚೆ ಸಿಗರೇಟು ಸೇದಿದೆ. ಹೊಸ್ತಿಲಿಗೆ ಒತ್ತಿ ಆರಿಸಿದೆ ಅಂತ ನೆನಪು. ಆದ್ರೆ ಚಿಕ್ಕ ಯಜಮಾನ್ರು ಹೇಳ್ತಾರೆ, ಪೆಟ್ಟಿಗೆಗೆ ಎಸೆದಿರ್ತೀಯ ಅಂತ. ಎಸೆದಿದ್ರೂ ಎಸೆದಿರಬಹುದು. ಈಗ ಕಣ್ಣು ಮುಚ್ಚಿದ್ರೆ ಎಸೆದ ಹಾಗೇ ಕಾಣುತ್ತೆ."

ಹಿಂದೆಯೇ ಬಂದ ಹೆಂಡತಿ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಂಡಳು.

"ಇವರ ಮಾತು ಕಟ್ಟಿಕೋಬೇಡಿ ಸಾರ್! ಮನೆ ಬೀಗ ಹಾಕಿ, ಬೀದಿ ಕೊನೆವರೆಗೂ ಹೋಗಿ, ಹಾಕಿದ್ನೋ ಇಲ್ವೋ ಅಂತ ವಾಪಸ್ ಬಂದು ಜಗ್ಗಿ ನೋಡೋ ಪ್ರಾಣಿ ಇದು. ಮದುವೆ ಮಂಟಪದಲ್ಲೇ 'ತಾಳಿ ಕಟ್ಟಿದೆನಾ?' ಅಂತ ಪಕ್ಕದವರನ್ನ ಕೇಳಿದೋರು. ಯಾರಾದ್ರೂ ಗಟ್ಟಿಯಾಗಿ ಹೇಳಿದ್ರೆ ಸಾಕು, ಚಂದ್ರನಿಗೂ ನಾನೇ ಕಲೆ ಮಾಡಿದೆ ಅಂತ ಒಪ್ಪಿಕೋತಾರೆ."

"ನೀನು ಸುಮ್ಮನಿರು" ಎಂದ ಮೆರುಗಣ್ಣ. "ಅನ್ನ ಹಾಕಿದೋರು ಹೋದ್ರು. ನಾನು ಒಳಗಿದ್ರೇನೇ ನನಗೆ ನಿದ್ದೆ ಬರೋದು."

ಹೆಡ್ ಕಾನ್‌ಸ್ಟೇಬಲ್ ಕಾಗದ ಮಡಚಿಟ್ಟು ಮೀಸೆ ತೀಡಿದ. "ತಾನಾಗೇ ಬಾಯಿಗೆ ಬಿದ್ದ ಹಣ್ಣು ಸಾರ್. ನಾಡಿದ್ದು ನ್ಯಾಯಾಧೀಶರ ಮುಂದೆ ಇದನ್ನೇ ಹೇಳಿಸಿದರೆ ಆಯ್ತು."

ಆ ಮಾತೇ ಇನ್ಸ್‌ಪೆಕ್ಟರಿಗೆ ಹಿಡಿಸಲಿಲ್ಲ. ನ್ಯಾಯಾಧೀಶರ ಮುಂದೆ ಒಮ್ಮೆ ಒಪ್ಪಿಕೊಂಡರೆ ಈ ಮನುಷ್ಯ ಆಮೇಲೆ ತನ್ನ ಮಾತನ್ನು ತಾನೇ ನಂಬಿ, ಜೀವಮಾನವೆಲ್ಲ ಅದರೊಳಗೇ ಕೊಳೆಯುತ್ತಾನೆ. ಅವರು ಜೇಬಿನಿಂದ ಮುದ್ದೆಯನ್ನು ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಮುಟ್ಟಿ ನೋಡು."

ಮೆರುಗಣ್ಣ ಒಂದು ಮಡಿಕೆ ಬಿಡಿಸಲು ನೋಡಿದ. ಚಿಂದಿ ಬಗ್ಗಲಿಲ್ಲ, ಪಟ್ಟೆಂದು ಮುರಿಯಿತು. ಆತನ ಮುಖ ಬಿಳಿಚಿಕೊಂಡಿತು.

"ಇದು ಮೆಷಿನ್ ಎಣ್ಣೇದಲ್ಲ ಸಾರ್. ಅದು ವರ್ಷ ಬಿಟ್ಟು ಮುಟ್ಟಿದ್ರೂ ಜಿಡ್ಡಾಗೇ ಇರುತ್ತೆ. ಇದು ಅಗಸೆ ಎಣ್ಣೆ. ಅದೊಂದೇ ಹೀಗೆ ಒಣಗಿ ತಗಡಾಗೋದು. ಇದು ನನ್ನ ಚಿಂದಿ!"

"ಪೆಟ್ಟಿಗೆಗೆ ಹಾಕಿದ್ದೆಯಾ?"

"ಇಲ್ಲಪ್ಪ! ಪಾಲಿಶ್ ಚಿಂದೀನ ಗುಡ್ಡೆ ಹಾಕೋ ಹಾಗಿಲ್ಲ. ಒಂದೊಂದನ್ನೂ ಬಿಡಿಸಿ ಹಿತ್ತಲ ತಂತಿಗೆ ಹಾಕಬೇಕು. ಸೇರಿದ ದಿನಾನೇ ದೊಡ್ಡ ಯಜಮಾನ್ರು ಕಲಿಸಿದ್ದು. ಗುಡ್ಡೆ ಹಾಕಿದ್ರೆ ಇಲಿ ಗೂಡು ಕಟ್ಟುತ್ತೆ ಅಂದಿದ್ರು."

"ಕ್ಲಿಪ್ಪು?"

"ಹಾಕ್ತೀನಿ. ಬಟ್ಟೆ ತೆಗೆದ ಮೇಲೆ ಎಲ್ಲಾನೂ ಒಂದು ತುದೀಗೆ ತಳ್ಳಿ ಬಿಡ್ತೀನಿ. ಬೆಳಿಗ್ಗೆ ಕೈಗೆ ಬೇಗ ಸಿಗಲಿ ಅಂತ."

ಇನ್ಸ್‌ಪೆಕ್ಟರ್ ಕ್ಲ್ಯಾಂಪುಗಳನ್ನೂ ದೀಪದ ಮುಸುಕನ್ನೂ ಮುಂದೆ ಸರಿಸಿದರು. ಮೆರುಗಣ್ಣ ಕ್ಲ್ಯಾಂಪಿನ ತಿರುಪು ನೋಡಿದ.

"ಬಿಗಿದಿದೆ. ಅಂಟು ಹಚ್ಚಿದಾಗ ಹೀಗೆ ಬಿಗಿಯೋದು. ತೆಳು ಹಲಗೆ ಸೀಳಿದ್ರೆ ಹೀಗೇ ಸಾಲಾಗಿ ಹಾಕ್ತಾರೆ. ಆದ್ರೆ ಇವು ಕೆಳಗೆ ಗೋಡೇಲಿ ನೇತಿರ್ತವೆ ಸಾರ್, ಅಟ್ಟದಲ್ಲಲ್ಲ." ಮುಸುಕನ್ನು ಕಂಡು ಆತ ತಲೆಯಾಡಿಸಿದ. "ಇದು ನಮ್ಮದಲ್ಲ. ದೀಪದ ಶಾಖ ಕೊಟ್ಟು ಒಣಗಿಸಿದ್ರೆ ಮರ ಸೀಳುತ್ತೆ. ದೊಡ್ಡ ಯಜಮಾನ್ರು ಕಂಡ್ರೆ ಚರ್ಮ ಸುಲೀತಿದ್ರು."

*

ಮರುದಿನ ಒಬ್ಬ ಹಿರಿಯ ವಾದಕಿ ಸುಟ್ಟ ಕಾರ್ಯಾಗಾರದ ಮುಂದೆ ನಿಂತಿದ್ದರು. ಕೈಯಲ್ಲಿ ವಾದ್ಯದ ಖಾಲಿ ಪೆಟ್ಟಿಗೆ.

"ನಮ್ಮ ತಾಯಿ ನುಡಿಸಿದ ವಾದ್ಯ ಅದು. ಮೆರುಗು ಮಂಕಾಗಿದೆ ಅಂತ ಕೊಟ್ಟಿದ್ದೆ. ದೊಡ್ಡೋರು ಆಗ ಕಾಯಿಲೆ ಮಲಗಿದ್ರು, ಚಿಕ್ಕೋರು ತಗೊಂಡ್ರು. ಕೇಳಿದಾಗೆಲ್ಲ 'ಒಣಗ್ತಾ ಇದೆ' ಅಂತ ಸಾಗಹಾಕ್ತಾ ಬಂದ್ರು. ಕೊನೆಗೆ ದೊಡ್ಡೋರಿಗೇ ಫೋನ್ ಮಾಡಿದೆ."

"ಏನಂದರು?"

"ಮೊದಲು ಸುಮ್ಮನಾದ್ರು. ಆಮೇಲೆ, 'ಸ್ವಲ್ಪ ತಡೀರಿ ತಾಯಿ, ನಾನೇ ಕೈಯಾರೆ ಒಪ್ಪಿಸ್ತೀನಿ' ಅಂದ್ರು."

ಖಾಲಿ ಪೆಟ್ಟಿಗೆಯನ್ನು ಅವರು ಎದೆಗೆ ಒತ್ತಿಕೊಂಡು ಹೊರಟುಹೋದರು.

ಚಿಕ್ಕ ಯಜಮಾನರು ಮನೆಯ ಪಡಸಾಲೆಯಲ್ಲಿ ಸಿಕ್ಕರು. ಸೂತಕದ ಮನೆ. ಇನ್ಸ್‌ಪೆಕ್ಟರ್ ಕುಳಿತುಕೊಳ್ಳಲಿಲ್ಲ.

"ಅಗ್ನಿಶಾಮಕದವರು ಒಂದು ಮಾತು ಹೇಳಿದರು. ಕೆಲವು ಎಣ್ಣೆ ಚಿಂದಿ ತಾನಾಗೇ ಹತ್ತಿಕೊಳ್ಳುತ್ತಂತೆ. ನಿಜವಾ?"

ಚಿಕ್ಕ ಯಜಮಾನರು ದುಃಖದ ನಡುವೆಯೂ ನಕ್ಕರು. "ತಾನಾಗೇ? ನಾನು ಹುಟ್ಟಿದ್ದೇ ಎಣ್ಣೆ ವಾಸನೇಲಿ ಸಾರ್. ಅಂಥದ್ದು ಕಂಡಿಲ್ಲ, ಕೇಳಿಲ್ಲ. ಕಡ್ಡಿ ಗೀರದೆ ಬೆಂಕಿ ಬರೋ ಹಾಗಿದ್ರೆ ಬೆಂಕಿಪೊಟ್ಟಣದವರು ಅಂಗಡಿ ಮುಚ್ಚಬೇಕಿತ್ತು."

ಮಾತಿನ ಭರದಲ್ಲಿ ಕೈ ಮೇಲೆತ್ತಿದ್ದರು. ಬಲ ಅಂಗೈಯ ತುಂಬ ಹಳೆಯ ಸುಟ್ಟ ಕಲೆ.

"ಅದೇನು?"

"ಇದಾ? ಅಂಟಿನ ಪಾತ್ರೆ. ಹಳೇ ಕಾಲದ್ದು." ಕೈ ಕೆಳಗಿಳಿಯಿತು.

*

ಮಗಳು ಶಾಲೆಯ ಪ್ರಯೋಗಾಲಯದಲ್ಲಿದ್ದಳು. ರಜೆ ಹಾಕಿರಲಿಲ್ಲ. ಮನೆಯಲ್ಲಿ ಕುಳಿತರೆ ಉಸಿರು ಕಟ್ಟುತ್ತದೆ ಎಂದಳು. ಮೇಜಿನ ಮೇಲೆ ಮರದ ಗುಂಡುಗಳ ರಾಶಿ: ಕಪ್ಪು, ಬಿಳಿ, ಕೆಂಪು. ಒಂದೊಂದಕ್ಕೂ ನುಣುಪಾಗಿ ಕೊರೆದ ತೂತುಗಳು.

"ಅಪ್ಪ ಲೇತಿನಲ್ಲಿ ತಿರುವಿ ಮಾಡಿಕೊಟ್ಟದ್ದು" ಎಂದಳು. "ಮಕ್ಕಳಿಗೆ ಪರಮಾಣು ತೋರಿಸೋಕೆ. ಕಪ್ಪು ಗುಂಡು ಇಂಗಾಲ. ಬಿಳಿ ಜಲಜನಕ. ಕೆಂಪು ಆಮ್ಲಜನಕ."

ಇನ್ಸ್‌ಪೆಕ್ಟರ್ ಮುರಿದ ಚಿಂದಿಯನ್ನು ಮೇಜಿನ ಮೇಲಿಟ್ಟರು. "ಒಂದು ಎಣ್ಣೆ ಜಿಡ್ಡಾಗೇ ಉಳಿಯುತ್ತೆ, ಇನ್ನೊಂದು ಒಣಗಿ ಮರದ ಚಕ್ಕೆಯಾಗುತ್ತೆ. ಯಾಕಮ್ಮ? ನನಗೆ ಕೂಡು-ಕಳೆ ಬರುತ್ತೆ. ರಸಾಯನ ಬರೋದಿಲ್ಲ."

"ಇದೂ ಕೂಡು-ಕಳೆಯೇ ಸಾರ್." ಅವಳು ಒಂದು ಕಪ್ಪು ಗುಂಡನ್ನು ಕೈಗಿತ್ತಳು. "ತೂತು ಎಣಿಸಿ."

"ನಾಲ್ಕು."

"ಇಂಗಾಲಕ್ಕೆ ನಾಲ್ಕು ಕೈ. ಮೂರೂ ಅಲ್ಲ, ಐದೂ ಅಲ್ಲ. ನಾಲ್ಕೂ ಏನನ್ನಾದರೂ ಹಿಡಿದಿರಬೇಕು. ಜಲಜನಕಕ್ಕೆ ಒಂದೇ ಕೈ." ಅವಳು ಕಪ್ಪು ಗುಂಡುಗಳನ್ನು ಕಡ್ಡಿಗಳಿಂದ ಸಾಲಾಗಿ ಜೋಡಿಸುತ್ತ ಹೋದಳು. "ಉಳಿದವುಗಳಿಗಿಲ್ಲದ ಒಂದು ಗುಣ ಇದಕ್ಕಿದೆ. ತನ್ನವರನ್ನೇ ಹಿಡಿದುಕೊಂಡು ಎಷ್ಟುದ್ದ ಬೇಕಾದರೂ ಸರಪಳಿ ಆಗುತ್ತೆ. ಬಳೆ ಆಗುತ್ತೆ. ಕವಲು ಒಡೆಯುತ್ತೆ. ಮರ, ಎಣ್ಣೆ, ಅಂಟು, ನಿಮ್ಮ ಅಂಗಿ, ನೀವು, ನಾನು, ಎಲ್ಲ ಈ ಸರಪಳಿಗಳೇ."

ಉಳಿದ ತೂತುಗಳಿಗೆಲ್ಲ ಅವಳು ಬಿಳಿ ಗುಂಡು ಸಿಕ್ಕಿಸಿದಳು.

"ಇದು ಮೆಷಿನ್ ಎಣ್ಣೆ ಅಂದುಕೊಳ್ಳಿ. ಪ್ರತಿ ಕೈಯೂ ಒಂಟಿ ಹಿಡಿತ, ಎಲ್ಲ ಭರ್ತಿ. ಗಾಳಿಯಲ್ಲಿ ಆಮ್ಲಜನಕ ಬಂದರೂ ಸಾಮಾನ್ಯ ಬಿಸಿಲಿಗೆ ಇದು ಜಗ್ಗೋದಿಲ್ಲ." ಆಮೇಲೆ ನಡುವಿನ ಎರಡು ಕಪ್ಪು ಗುಂಡುಗಳಿಂದ ಒಂದೊಂದು ಬಿಳಿ ಗುಂಡು ಕಿತ್ತು, ಅವೆರಡರ ನಡುವೆ ಇನ್ನೊಂದು ಬಾಗಿದ ಕಡ್ಡಿ ಸಿಕ್ಕಿಸಿದಳು. "ಇದು ಅಗಸೆ ಎಣ್ಣೆ. ಇಲ್ಲಿ ಎರಡು ಇಂಗಾಲಗಳು ಎರಡೆರಡು ಕೈ ಕೊಟ್ಟು ಹಿಡಿದುಕೊಂಡಿವೆ. ಜೋಡಿ ಬಂಧ. ನೋಡೋಕೆ ಗಟ್ಟಿ. ಆದರೆ ನೆಮ್ಮದಿ ಇಲ್ಲ. ಇದರ ಆಸುಪಾಸಿನಲ್ಲೇ ಆಮ್ಲಜನಕ ಬಂದು ಸೇರೋದು. ಸೇರಿದಾಗ ಸರಪಳಿಗೆ ಸರಪಳಿ ಹೆಣೆದುಕೊಳ್ಳುತ್ತೆ. ಎಣ್ಣೆ ಗಟ್ಟಿ ಪೊರೆ ಆಗುತ್ತೆ. ಅದೇ ವಾರ್ನಿಷ್ ಒಣಗೋದು."

"ಸೇರಿದಾಗ ಇನ್ನೇನಾಗುತ್ತೆ?"

"ಪ್ರತಿ ಹೊಸ ಹಿಡಿತಕ್ಕೂ ಅಷ್ಟಷ್ಟು ಶಾಖ ಹೊರಗೆ ಬರುತ್ತೆ. ಬಟ್ಟೆ ಹರವಿದ್ದರೆ ಗಾಳಿ ಅದನ್ನ ಒಯ್ಯುತ್ತೆ. ಗುಡ್ಡೆ ಹಾಕಿದರೆ ಶಾಖ ಒಳಗೇ ಕೂಡುತ್ತೆ. ಬಿಸಿಯಾದಷ್ಟೂ ಬೇಗ ಸೇರುತ್ತೆ, ಸೇರಿದಷ್ಟೂ ಬಿಸಿಯಾಗುತ್ತೆ. ಕೊನೆಗೆ ಹತ್ತಿಕೊಳ್ಳುತ್ತೆ. ಯಾರೂ ಕಡ್ಡಿ ಗೀರಬೇಕಾಗಿಲ್ಲ."

"ಕೆಲಸದವರಿಗೆ ಗೊತ್ತಿತ್ತೆ?"

"ಅಪ್ಪ ಅವರಿಗೆ ಇಲಿ ಕತೆ ಹೇಳ್ತಿದ್ದರು. ನಿಜ ಹೇಳಿದರೆ ಪಾಲಿಶ್ ಕೆಲಸಕ್ಕೆ ಯಾರೂ ಬರಲ್ಲ ಅಂತ. ನಮ್ಮ ಮನೆಯವರಿಗೆ ಮಾತ್ರ ಗೊತ್ತು. ನಾನು ಚಿಕ್ಕವಳಿದ್ದಾಗ ಹಿತ್ತಲಲ್ಲಿ ಒಂದು ಗುಡ್ಡೆ ಹೊಗೆಯಾಡಿತ್ತು. ನಾನು ಆಟಕ್ಕೆ ಅದರ ಪಕ್ಕ ಕೂತಿದ್ದೆ. ಚಿಕ್ಕಪ್ಪ ಓಡಿ ಬಂದು ಬರಿಗೈಲಿ ಅದನ್ನ ಕೆದರಿ..."

ಮಾತು ಅಲ್ಲಿಗೇ ನಿಂತಿತು. ಕಪ್ಪು ಗುಂಡೊಂದು ಕೈಯಿಂದ ಜಾರಿ ನೆಲದ ಮೇಲೆ ಉರುಳುತ್ತ ಹೋಯಿತು. ಅದು ಗೋಡೆ ಮುಟ್ಟಿ ನಿಂತಿತು.

"ಚಿಕ್ಕಪ್ಪ ನಿಮಗೇನು ಹೇಳಿದರು?" ಎಂದು ಅವಳು ಕೇಳಿದಳು.

"ಕಂಡಿಲ್ಲ, ಕೇಳಿಲ್ಲ ಅಂದರು. ಕಲೆ ಅಂಟಿನ ಪಾತ್ರೇದಂತೆ."

ಅವಳು ಗುಂಡನ್ನು ಹೆಕ್ಕಿ ತಂದು ಮೇಜಿನ ಮೇಲಿಟ್ಟಳು. ಕಣ್ಣಿನಲ್ಲಿ ನೀರು ಆಗ ಬಂತು.

"ನನಗೆ ನಡಿಗೆ ಕಲಿಸಿದ್ದು ಆ ಕೈ ಸಾರ್. ಸುಳ್ಳು ಹೇಳೋಕೆ ಬೇರೇನಾದರೂ ಕಾರಣ ಇರಬಹುದು. ಹೆದರಿಕೆ ಇರಬಹುದು." ಸೆರಗಿನಿಂದ ಮುಖ ಒರೆಸಿಕೊಂಡಳು. "ತಿಳಿಯೋಕೆ ಒಂದೇ ದಾರಿ ಇದೆ. ನಾನು ಹೇಳ್ತೀನಿ. ಆದರೆ ನಾನು ಎಲ್ಲಿ ಕೂರಬೇಕು ಅನ್ನೋದನ್ನೂ ನಾನೇ ಹೇಳ್ತೀನಿ."

*

ಅಂದೇ ಠಾಣೆಯ ಹಿಂದಿನ ಅಂಗಳದಲ್ಲಿ ಎರಡು ತಗಡಿನ ಡಬ್ಬಗಳನ್ನು ಬಿಸಿಲಿಗಿಟ್ಟರು. ಒಂದರಲ್ಲಿ ಮೆಷಿನ್ ಎಣ್ಣೆಯ ಚಿಂದಿ, ಇನ್ನೊಂದರಲ್ಲಿ ಅಗಸೆ ಎಣ್ಣೆಯದು.

"ಕಡ್ಡಿ ಗೀರದೆ ಬೆಂಕಿ ಬಂದರೆ ನನ್ನ ಮೀಸೆ ಬೋಳಿಸಿಕೊಳ್ತೀನಿ ಸಾರ್" ಎಂದ ಹೆಡ್ ಕಾನ್‌ಸ್ಟೇಬಲ್.

ಊಟ ಮುಗಿಸಿ ಒಂದು ನಿದ್ದೆ ತೆಗೆದು ಬಂದಾಗ ಮೆಷಿನ್ ಎಣ್ಣೆಯ ಡಬ್ಬ ಬಿಸಿಲಿಗೆ ಬೆಚ್ಚಗಿತ್ತು, ಅಷ್ಟೇ. ಇನ್ನೊಂದರ ಅಂಚಿನಿಂದ ಬಿಳಿ ಹೊಗೆ ಎಳೆಯೆಳೆಯಾಗಿ ಏಳುತ್ತಿತ್ತು. ಮುಚ್ಚಳ ತೆಗೆದೊಡನೆ ಚಿಂದಿಯ ಒಡಲು ಕೆಂಪಾಗಿ ಉರಿಯಿತು. ಹೆಡ್ ಕಾನ್‌ಸ್ಟೇಬಲ್ ಮರಳು ಸುರಿದ. ಆಮೇಲೆ ತುಂಬ ಹೊತ್ತು ಮೀಸೆಗೆ ಕೈ ಹಾಕಲಿಲ್ಲ.

*

ಮರುದಿನ ಠಾಣೆಯ ಹಿಂಬದಿಯ ಕೋಣೆಗೆ ಎಲ್ಲರನ್ನೂ ಕರೆಸಿದರು. ನ್ಯಾಯಾಧೀಶರ ಬಳಿಗೆ ಹೋಗುವ ಮುನ್ನ ಹೇಳಿಕೆಗಳನ್ನು ಓದಿ ಹೇಳುವುದು ಎಂಬ ನೆಪ. ಮೆರುಗಣ್ಣ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತ, ಪಕ್ಕದಲ್ಲಿ ಹೆಂಡತಿ. ಚಿಕ್ಕ ಯಜಮಾನರು ಬಾಗಿಲ ಬಳಿ. ಅವರ ಎದುರಿಗೆ, ಗೋಡೆಗೆ ಸೇರಿದ ಬೆಂಚಿನ ತುದಿಯಲ್ಲಿ, ಅಣ್ಣನ ಮಗಳು. ಬೆಂಚಿನ ಕೆಳಗೆ, ಅವಳ ಸೀರೆಯ ಅಂಚಿಗೆ ತಾಗುವಂತೆ, ಮುಚ್ಚಳ ಸಡಿಲವಾದ ಒಂದು ತಗಡಿನ ಡಬ್ಬ. ಠಾಣೆಗಳಲ್ಲಿ ಅಂಥ ಡಬ್ಬಗಳು ನೂರಿರುತ್ತವೆ. ಯಾರೂ ಗಮನಿಸಲಿಲ್ಲ.

ಇನ್ಸ್‌ಪೆಕ್ಟರ್ ಓದಲು ತೊಡಗಿದರು. ಅಷ್ಟು ನಿಧಾನವಾಗಿ ಅವರು ಎಂದೂ ಓದಿದವರಲ್ಲ. ಒಂದೊಂದು ವಾಕ್ಯಕ್ಕೂ ನಿಲ್ಲಿಸಿ, "ಸರಿ ತಾನೆ?" ಎಂದು ಕೇಳಿದರು. ಅವಳ ಹಟಕ್ಕೆ ಒಪ್ಪಬಾರದಿತ್ತು ಎಂದು ಅನ್ನಿಸುತ್ತಿತ್ತು.

ಮೆರುಗಣ್ಣ ಮೂಗರಳಿಸಿದ. "ಅಗಸೆ ಎಣ್ಣೆ ವಾಸನೆ ಬರ್ತಿದೆ."

"ಬೆಂಚಿಗೆ ಪಾಲಿಶ್ ಮಾಡಿಸಿದ್ದೀವಿ ಕಣಯ್ಯ" ಎಂದ ಹೆಡ್ ಕಾನ್‌ಸ್ಟೇಬಲ್. "ಸರ್ಕಾರಿ ಬೆಂಚೂ ಒಂದಿನ ಹೊಳೀಲಿ."

ಮೆರುಗಣ್ಣ ಮತ್ತೆ ತಲೆ ತಗ್ಗಿಸಿದ. ಆ ವಾಸನೆ ಆತನಿಗೆ ದಿನದ ಕೂಲಿಯ ವಾಸನೆ, ಅದರಲ್ಲಿ ಭಯವಿರಲಿಲ್ಲ.

ಚಿಕ್ಕ ಯಜಮಾನರು ಮಾತ್ರ ತಲೆ ಎತ್ತಿದರು. ಅವರ ಕಣ್ಣು ಕೋಣೆಯನ್ನು ಸುತ್ತಿತು. ಕಿಟಕಿ, ಬೀರು, ಬೆಂಚು. ಬೆಂಚಿನ ಕೆಳಗೆ ನಿಂತಿತು.

ಓದು ಮುಂದುವರಿಯಿತು. ವಾಸನೆ ಬದಲಾಯಿತು. ಮೊದಲಿನದು ಮಂದವಾಗಿತ್ತು, ಈಗ ಕಣ್ಣಿಗೆ ಚುಚ್ಚುವ ಘಾಟು.

"ಪುಟ್ಟಿ" ಎಂದರು ಚಿಕ್ಕ ಯಜಮಾನರು. "ಅಲ್ಲಿ ಸೆಕೆ. ಇಲ್ಲಿ ಬಂದು ಕೂತ್ಕೋ."

"ಇಲ್ಲೇ ಇರ್ತೀನಿ ಚಿಕ್ಕಪ್ಪ."

"ಬಾ ಅಂದೆನಲ್ಲ."

"ಯಾಕೆ ಚಿಕ್ಕಪ್ಪ?"

ಆ ಪ್ರಶ್ನೆಗೆ ಉತ್ತರವಿತ್ತು. ಉತ್ತರ ಕೊಟ್ಟರೆ ಅವರೇ ಸಿಕ್ಕಿಬೀಳುತ್ತಿದ್ದರು. ಇನ್ಸ್‌ಪೆಕ್ಟರ್ ಮುಂದಿನ ಸಾಲನ್ನು ಓದಿದರು. ಅವಳು ಚಿಕ್ಕಪ್ಪನ ಮುಖದಿಂದ ಕಣ್ಣು ಕೀಳಲಿಲ್ಲ. ಸೀರೆಯ ಅಂಚಿನ ಬಳಿ ಹೊಗೆಯ ಒಂದು ಎಳೆ ಎದ್ದಿತು.

"ಏಳೇ ಪುಟ್ಟೀ!"

ಚಿಕ್ಕ ಯಜಮಾನರು ಒಂದೇ ನೆಗೆತಕ್ಕೆ ಅವಳನ್ನು ಎಳೆದು ಬದಿಗೆ ನೂಕಿದರು. ಡಬ್ಬವನ್ನು ಒದ್ದು ಉರುಳಿಸಿ, ಹೊಗೆಯಾಡುವ ಚಿಂದಿಗಳನ್ನು ಬರಿಗೈಯಲ್ಲಿ ಒಂದೊಂದಾಗಿ ಬಿಡಿಸಿ ನೆಲದ ಮೇಲೆ ದೂರ ದೂರ ಎಸೆದರು. ಹೆಡ್ ಕಾನ್‌ಸ್ಟೇಬಲ್ ಮರಳು ತರುವಷ್ಟರಲ್ಲಿ ಕೆಲಸ ಮುಗಿದಿತ್ತು. ಅವರು ನೆಲದಲ್ಲಿ ಮಂಡಿಯೂರಿ ಏದುಸಿರು ಬಿಡುತ್ತಿದ್ದರು.



"ಕಂಡಿಲ್ಲ, ಕೇಳಿಲ್ಲ ಅಂದಿದ್ದಿರಿ" ಎಂದರು ಇನ್ಸ್‌ಪೆಕ್ಟರ್.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸಾರ್" ಎಂದು ಹೆಡ್ ಕಾನ್‌ಸ್ಟೇಬಲ್ ಗೊಣಗಿದ. ಆ ಅಂಗೈಯಲ್ಲಿ ಹಳೆಯ ಕಲೆಯ ಮೇಲೆ ಹೊಸ ಬೊಬ್ಬೆ ಏಳುತ್ತಿತ್ತು.

*

ಇನ್ಸ್‌ಪೆಕ್ಟರ್ ಕಾಗದಗಳನ್ನು ಬದಿಗಿಟ್ಟರು.

"ಪೆಟ್ಟಿಗೆಯಲ್ಲಿದ್ದದ್ದು ಮೆಷಿನ್ ಎಣ್ಣೆ ಚಿಂದಿ ಅಂದಿರಿ. ಅದಾಗಿದ್ದರೆ ಜಿಡ್ಡಾಗಿರಬೇಕಿತ್ತು. ಉಳಿದದ್ದು ಮುರಿಯುವಷ್ಟು ಗಟ್ಟಿಯಾಗಿತ್ತು. ಹಾಗಾದರೆ ಅದು ಅಂದು ಬೆಳಿಗ್ಗೆಯ ಪಾಲಿಶ್ ಚಿಂದಿ. ಮೆರುಗಣ್ಣ ಅದನ್ನು ತಂತಿಗೆ ಹಾಕಿದ್ದ. ಆತ ಹೋದ ಮೇಲೆ ಯಾರೋ ಬಿಚ್ಚಿಕೊಂಡರು. ಮೆರುಗಣ್ಣ ಕ್ಲಿಪ್ಪುಗಳನ್ನು ಒಂದು ತುದಿಗೆ ತಳ್ಳುವವನು. ನಾನು ಕಂಡಾಗ ಅವು ಹಾಕಿದ ಜಾಗದಲ್ಲೇ, ಬಟ್ಟೆಯಗಲಕ್ಕೊಂದರಂತೆ ಇದ್ದವು. ತೆಗೆದವರು ಬಟ್ಟೆ ಎಳೆದುಕೊಂಡು ಕ್ಲಿಪ್ಪನ್ನು ಅಲ್ಲಲ್ಲೇ ಬಿಟ್ಟಿದ್ದರು. ಬೀಗದ ಕೈ ಇದ್ದದ್ದು ಮೂವರ ಹತ್ತಿರ: ಮೆರುಗಣ್ಣ, ನಿಮ್ಮಣ್ಣ, ನೀವು."

"ನಾನು ಭಾವಮೈದುನನ ಮನೇಲಿದ್ದೆ."

"ಇದ್ದಿರಿ. ಅದಕ್ಕೇ ಈ ದಾರಿ ಹಿಡಿದದ್ದು. ಕಡ್ಡಿ ಗೀರಿದವನು ಅಲ್ಲೇ ಇರಬೇಕಾಗುತ್ತೆ. ಗುಡ್ಡೆ ಹಾಕಿದವನು ಊಟಕ್ಕೆ ಹೋಗಬಹುದು. ಚಿಂದಿ ತಾನಾಗಿ ಹತ್ತುತ್ತೆ ಅಂತ ಗೊತ್ತಿದ್ದವರು ನಿಮ್ಮ ಮನೆಯ ಮೂವರೇ. ಒಬ್ಬರು ಸತ್ತರು. ಒಬ್ಬಳು ಕೇಳಿದೊಡನೆ ಹೇಳಿದಳು. ಒಬ್ಬರು ಸುಳ್ಳು ಹೇಳಿದರು."

ಚಿಕ್ಕ ಯಜಮಾನರು ಅಣ್ಣನ ಮಗಳ ಕಡೆ ನೋಡಿದರು. ಅವಳು ಗೋಡೆಗೊರಗಿ ನಿಂತಿದ್ದಳು.

"ಅಣ್ಣನ್ನ ಕೊಲ್ಬೇಕು ಅಂತ ಅಲ್ಲ ಪುಟ್ಟಿ" ಎಂದರು. "ಅಣ್ಣ ಅಲ್ಲಿ ಇರಲೇಬಾರದಿತ್ತು. ಆ ವಾದ್ಯ... ಬೇಗ ಒಣಗಲಿ ಅಂತ ದೀಪ ಇಟ್ಟೆ. ಹಲಗೆ ಉದ್ದಕ್ಕೆ ಸೀಳಿಹೋಯ್ತು. ಅಟ್ಟದಲ್ಲಿ ಬಚ್ಚಿಟ್ಟೆ. ಹುಟ್ಟಿದಾಗಿಂದ ನಾನು ಅವನ ತಮ್ಮ, ಅಷ್ಟೇ. ಒಂದು ಕೆಲಸ ಸರಿಯಾಗಿ ಮಾಡಿದೆ ಅಂತ ಯಾರೂ ಅಂದಿಲ್ಲ. ಇದನ್ನ ಅವನು ನೋಡಿಬಿಟ್ರೆ ಮುಖ ಹೇಗೆ ತೋರಿಸಲಿ? ಎಲ್ಲ ಸುಟ್ಟುಹೋದ್ರೆ ಅದೂ ಹೋಗುತ್ತೆ ಅಂದುಕೊಂಡೆ."

"ಮೆರುಗಣ್ಣ?" ಎಂದಳು ಅವಳು. "ಅವನ ಬಾಯಿಗೆ ಸಿಗರೇಟಿನ ಮಾತು ತುರುಕಿದಿರಲ್ಲ, ಅದು?"

ಮೂಲೆಯಲ್ಲಿ ಮೆರುಗಣ್ಣ ಬಾಯಿ ತೆರೆದು ಕುಳಿತಿದ್ದ. "ಹಾಗಾದ್ರೆ ನಾನು ಆರಿಸಿದ್ದೆ" ಎಂದು ತನಗೆ ತಾನೇ ಹೇಳಿಕೊಂಡ. "ಹೊಸ್ತಿಲಿಗೆ ಒತ್ತಿ ಆರಿಸಿದ್ದೆ." ಹೆಂಡತಿ ಆತನ ತೋಳನ್ನು ಗಟ್ಟಿಯಾಗಿ ಹಿಡಿದಳು. ಅಂದು ಅವಳು ಬೈಯಲಿಲ್ಲ.

ಚಿಕ್ಕ ಯಜಮಾನರು ಇನ್ಸ್‌ಪೆಕ್ಟರ್ ಕಡೆ ತಿರುಗಿದರು. "ಒಂದು ಹೇಳಿ ಸಾರ್. ಅಣ್ಣ ಅಲ್ಲಿಗೆ ಯಾಕೆ ಬಂದ?"

ಇನ್ಸ್‌ಪೆಕ್ಟರ್ ಮೇಜಿನ ಖಾನೆ ತೆರೆದರು. ಕಬ್ಬಿಣದ ಪುಟ್ಟ ಕ್ಲ್ಯಾಂಪುಗಳನ್ನು ಒಂದೊಂದಾಗಿ ತೆಗೆದು, ಸಿಕ್ಕಿದ ಸಾಲಿನಲ್ಲೇ ಮೇಜಿನ ಮೇಲೆ ಜೋಡಿಸಿದರು.

"ಇವು ನಿಮ್ಮಣ್ಣನ ಎದೆಯ ಕೆಳಗೆ ಇದ್ದವು. ವಾದಕಿಯ ಫೋನ್ ಬಂದ ಮೇಲೆ ಅವರು ಹುಡುಕಿ ನೋಡಿರಬೇಕು. ನಿಮ್ಮನ್ನು ಕೇಳಲಿಲ್ಲ. ಡಾಕ್ಟರ ಹೆಸರು ಹೇಳಿ, ಯಾರೂ ಇಲ್ಲದ ಹೊತ್ತು ನೋಡಿ ಬಂದರು."

ಚಿಕ್ಕ ಯಜಮಾನರು ಎದ್ದು ಬಂದು ಒಂದನ್ನು ಎತ್ತಿಕೊಂಡರು. ಬೆರಳು ಅಭ್ಯಾಸಬಲದಿಂದ ತಿರುಪಿನ ಮೇಲೆ ಹೋಯಿತು. ಅದು ಬಿಗಿದಿತ್ತು. ತೆಳು ಹಲಗೆಯ ದಪ್ಪಕ್ಕೆ ಸರಿಯಾಗಿ, ಮರ ನೋಯದಂತೆ, ಆದರೆ ಅಂಟು ಹಿಡಿಯುವಂತೆ ಬಿಗಿದಿತ್ತು. ಹಾಗೆ ಬಿಗಿಯಬಲ್ಲ ಕೈ ಒಂದೇ. ಅವರಿಗೆ ಯಾರೂ ವಿವರಿಸಬೇಕಾಗಲಿಲ್ಲ.

"ಕೂಡಿಸ್ತಾ ಇದ್ದ" ಎಂದರು. "ನನಗೆ ಗೊತ್ತಾಗದ ಹಾಗೆ ಕೂಡಿಸ್ತಾ ಇದ್ದ."

ಕ್ಲ್ಯಾಂಪನ್ನು ಬಿಡಿಸಿಕೊಳ್ಳಲು ಹೆಡ್ ಕಾನ್‌ಸ್ಟೇಬಲ್ ಅವರ ಬೆರಳುಗಳನ್ನು ಒಂದೊಂದಾಗಿ ತೆರೆಯಬೇಕಾಯಿತು.

ಸತ್ತವರ ಮಗಳು ಕೊನೆಗೆ ಹೊರಟಳು. ಬಾಗಿಲಲ್ಲಿ ನಿಂತು, "ನನ್ನನ್ನ ಎಳೆದರು ಸಾರ್" ಎಂದಳು. ಸಮಾಧಾನವೋ ಆರೋಪವೋ ಇನ್ಸ್‌ಪೆಕ್ಟರಿಗೆ ತಿಳಿಯಲಿಲ್ಲ. ಅವಳಿಗೂ ತಿಳಿದಂತೆ ಕಾಣಲಿಲ್ಲ.

ಅಂಗಳದಲ್ಲಿ ಮೆರುಗಣ್ಣ ಹೆಂಡತಿಯನ್ನು ಕಾಯಿಸಿ ನಿಲ್ಲಿಸಿದ್ದ. ಕೋಣೆಯ ನೆಲದಲ್ಲಿ ಬಿದ್ದಿದ್ದ ಚಿಂದಿಗಳನ್ನೆಲ್ಲ ಹೆಕ್ಕಿ ತಂದು, ಧೂಳು ಕೊಡವಿ, ಠಾಣೆಯವರು ಬಟ್ಟೆ ಒಣಹಾಕುವ ತಂತಿಯ ಮೇಲೆ ಒಂದೊಂದನ್ನೇ ಬಿಡಿಸಿ ಹರವುತ್ತಿದ್ದ. ಹರವಿ ಮುಗಿದ ಮೇಲೆ ಗೇಟಿನವರೆಗೆ ಹೋದ. ಅಲ್ಲಿಂದ ಒಮ್ಮೆ ತಿರುಗಿ ನೋಡಿದ. ಮತ್ತೆ ಬಂದು, ಪ್ರತಿಯೊಂದು ಬಟ್ಟೆಯನ್ನೂ ಅಂಗೈಯಿಂದ ಮುಟ್ಟಿ, ತಣ್ಣಗಿದೆಯೆಂದು ಖಚಿತಪಡಿಸಿಕೊಂಡು ಹೊರಟ.